ಹಿತ್ತಾಳೆ ಕುತ್ತಿಗೆಯನ್ನು ಎಷ್ಟು ಹಿಂಡಬೇಕು?

ಮೊಬೈಲ್‌ನಲ್ಲಿ ಶೂಟಿಂಗ್ ಗೇಮ್ ಆಡಿದವರಿಗೆಲ್ಲ ‘ರೀಲೋಡ್’ ಬಟನ್ ಗೊತ್ತು. ಒತ್ತಿದ್ರೆ ಎರಡು ಸೆಕೆಂಡ್, ಮ್ಯಾಗಜೀನ್ ಬದಲಾಗುತ್ತೆ. ಖಾಲಿಯಾದ ಹಿತ್ತಾಳೆ ಕೇಸ್‌ಗಳು ಪಕ್ಕಕ್ಕೆ ಹಾರಿ, ನೆಲಕ್ಕೆ ಬಿದ್ದು, ಮಾಯ. ಆದ್ರೆ ನಿಜವಾದ ಗುರಿಗಾರರ ಲೋಕದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ರೀಲೋಡಿಂಗ್ ಅಂದ್ರೆ ಬೇರೆ. ಹಾಗೆ ಹಾರಿಬಿದ್ದ ಕೇಸನ್ನು ಹೆಕ್ಕಿ ಮನೆಗೆ ತಂದು, ಮತ್ತೆ ಆಕಾರಕ್ಕೆ ತಂದು, ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಕೂರಿಸಿ ಇನ್ನೊಂದು ಕಾಡತೂಸು ಮಾಡೋದು. ಇವತ್ತಿನ ಕತೆ ಆ ಕೇಸಿನ ಕುತ್ತಿಗೆಯದ್ದು. ಗುಂಡನ್ನು ಹಿಡಿದುಕೊಳ್ಳೋ ಆ ಪುಟ್ಟ ಭಾಗವನ್ನು ಎಷ್ಟು ಹಿಂಡಬೇಕು, ಯಾವ ಡೈನಲ್ಲಿ ಹಿಂಡಬೇಕು, ಉಳಿದ ಮೈಯನ್ನು ಮುಟ್ಟಬೇಕೋ ಬಿಡಬೇಕೋ ಅನ್ನೋದರ ಮೇಲೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವಾದ ನಡೀತಾನೇ ಇದೆ.

ಮೊದಲೇ ಒಂದು ಮಾತು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ. ಹಾಗಾಗಿ ಇದನ್ನ ಚರಿತ್ರೆ ಅಂತ ಕೇಳಿ, ಮನೇಲಿ ಮಾಡೋ ಕೆಲಸ ಅಂತ ಅಲ್ಲ. ನಾನು ಬಿ.ಕಾಂ. ಓದಿದವಳು, ಬಂದೂಕಿನ ಹುಚ್ಚು ನನಗಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಬೇರೆ ವಿಷಯ: ಒಂದು ನಂಬಿಕೆ ದಶಕಗಳ ಕಾಲ ಶಾಸ್ತ್ರದ ಹಾಗೆ ನಡೆದು, ಕೊನೆಗೆ ಅದನ್ನ ಅತಿ ನಿಷ್ಠೆಯಿಂದ ಪಾಲಿಸ್ತಿದ್ದವರೇ ಅದನ್ನ ಕೈಬಿಟ್ಟಿದ್ದು.

ಒಂದು ನಿಮಿಷ ಕಾಡತೂಸಿನ ಒಳಗೆ ಏನಾಗುತ್ತೆ ನೋಡೋಣ. ಟ್ರಿಗರ್ ಎಳೆದಾಗ ಪ್ರೈಮರ್ ಕಿಡಿ ಹೊತ್ತಿಸುತ್ತೆ, ಮದ್ದು ಉರಿದು ಅನಿಲವಾಗುತ್ತೆ. .308 ವಿಂಚೆಸ್ಟರ್ ಅನ್ನೋ ಸಾಮಾನ್ಯ ಕಾಡತೂಸಿಗೆ ಅಮೆರಿಕದ ಉದ್ಯಮ ಇಟ್ಟಿರೋ ಒತ್ತಡದ ಮಿತಿ ಚದರ ಅಂಗುಲಕ್ಕೆ 62,000 ಪೌಂಡ್. ನಿಮ್ಮ ಕಾರಿನ ಟೈರಿನಲ್ಲಿ ಇರೋದು ಮೂವತ್ತು ಚಿಲ್ಲರೆ. ಅಂದ್ರೆ ಹೆಚ್ಚುಕಮ್ಮಿ ಎರಡು ಸಾವಿರ ಪಟ್ಟು, ಅದೂ ಹೊಡೆಯೋರ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ. ಆ ಒತ್ತಡಕ್ಕೆ ಹಿತ್ತಾಳೆ ಬಲೂನಿನ ಹಾಗೆ ಉಬ್ಬಿ, ಬಂದೂಕಿನ ಚೇಂಬರ್‌ನ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ನುಗ್ಗದ ಹಾಗೆ ಮುಚ್ಚುತ್ತೆ. ಒತ್ತಡ ಇಳಿದ ಕೂಡಲೇ ಸ್ವಲ್ಪ ಕುಗ್ಗುತ್ತೆ, ಅದರಿಂದಲೇ ಕೇಸನ್ನು ಹೊರಗೆ ಎಳೆಯೋಕೆ ಆಗುತ್ತೆ. ಆದ್ರೆ ಪೂರ್ತಿ ಮೊದಲಿನ ಅಳತೆಗೆ ಬರಲ್ಲ. ಕುತ್ತಿಗೆ ಅಗಲವಾಗಿರುತ್ತೆ, ಹೊಸ ಗುಂಡು ಇಟ್ಟರೆ ಒಳಗೆ ಜಾರಿ ಬೀಳುತ್ತೆ. ಅದಕ್ಕೇ ಅದನ್ನ ಮತ್ತೆ ಹಿಂಡಬೇಕು. ಹಿಂಡೋ ಉಕ್ಕಿನ ಅಚ್ಚೇ ಡೈ.

ಇದೆಲ್ಲ ಸಾಧ್ಯವಾದದ್ದು 1866ರ ಆಸುಪಾಸಿನಲ್ಲಿ. ಆಗ ಎರಡು ಬಗೆಯ ಪ್ರೈಮರ್ ಬಂದವು. ಇಂಗ್ಲೆಂಡಿನ ವೂಲ್‌ವಿಚ್‌ನಲ್ಲಿದ್ದ ಕರ್ನಲ್ ಎಡ್ವರ್ಡ್ ಬಾಕ್ಸರ್ ಅವರ ವಿನ್ಯಾಸದಲ್ಲಿ ಕೇಸಿನ ತಳದ ನಡುವೆ ಒಂದೇ ತೂತು. ಅಮೆರಿಕದ ಹೈರಮ್ ಬರ್ಡನ್ ಅವರದ್ದರಲ್ಲಿ ಪಕ್ಕದಲ್ಲಿ ಎರಡು ಸಣ್ಣ ತೂತು. ತಮಾಷೆ ಅಂದ್ರೆ ಬ್ರಿಟಿಷರವನ ಪ್ರೈಮರ್ ಅಮೆರಿಕದಲ್ಲಿ ನೆಲೆಯಾಯ್ತು, ಅಮೆರಿಕದವನದು ಯೂರೋಪಿನಲ್ಲಿ. ನಡುವಿನ ಒಂದೇ ತೂತಿನಲ್ಲಿ ಸೂಜಿಯಂಥ ಪಿನ್ ತೂರಿಸಿ ಹಳೇ ಪ್ರೈಮರನ್ನು ಹೊರಗೆ ದಬ್ಬೋದು ಸುಲಭ. ಮನೆಯಲ್ಲೇ ಕಾಡತೂಸು ತುಂಬೋ ಹವ್ಯಾಸ ಅಮೆರಿಕದಲ್ಲಿ ಇಷ್ಟು ಹಬ್ಬೋಕೆ ಆ ಒಂದು ತೂತು ದೊಡ್ಡ ಕಾರಣ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿ ಜರ್ಮನ್ ವಲಸಿಗರು ತಂದ ಶುಟ್ಸೆನ್ ಅನ್ನೋ ಗುರಿ ಸ್ಪರ್ಧೆ ಜೋರಾಗಿತ್ತು. ಆ ಕಾಲದ ಅನೇಕ ಸ್ಪರ್ಧಿಗಳು ಇಡೀ ಸ್ಪರ್ಧೆಗೆ ಒಂದೇ ಒಂದು ಕೇಸ್ ಬಳಸ್ತಿದ್ರು. ಹೊಡಿ, ಕೇಸ್ ತೆಗಿ, ಅಲ್ಲೇ ಮೇಜಿನ ಮೇಲೆ ಪ್ರೈಮರ್ ಬದಲಿಸಿ ಮದ್ದು ತುಂಬು, ಮತ್ತೆ ಹೊಡಿ. ಸೀಸದ ಗುಂಡನ್ನು ಕೇಸಿನ ಕುತ್ತಿಗೆಗೆ ಸಿಕ್ಕಿಸ್ತಾನೇ ಇರ್ಲಿಲ್ಲ, ನೇರ ನಳಿಗೆಯೊಳಗೆ ಬೇರೆಯಾಗಿ ಕೂರಿಸ್ತಿದ್ರು. ಒತ್ತಡ ಕಡಿಮೆ, ಕುತ್ತಿಗೆಗೆ ಕೆಲಸವೇ ಇಲ್ಲ. ಹಿಂಡೋ ಪ್ರಶ್ನೆಯೇ ಹುಟ್ಟಿರ್ಲಿಲ್ಲ.

ಇದೇ ಹೊತ್ತಿನಲ್ಲಿ ಮ್ಯಾಸಚೂಸೆಟ್ಸ್‌ನ ಮಿಲ್ಫರ್ಡ್‌ನಲ್ಲಿ ಡಾ. ಫ್ರಾಂಕ್ಲಿನ್ ಮಾನ್ ಅನ್ನೋ ವೈದ್ಯರಿದ್ರು. ಒಂದೇ ಬಂದೂಕು, ಒಂದೇ ಮದ್ದು, ಒಂದೇ ಗುಂಡು. ಆದ್ರೂ ಎಲ್ಲವೂ ಒಂದೇ ತೂತಿಗೆ ಯಾಕೆ ಹೋಗಲ್ಲ? ಈ ಪ್ರಶ್ನೆ ಹಿಡಿದು ದಶಕಗಟ್ಟಲೆ ಕೂತರು. ನೆಲದಲ್ಲಿ ಅಲುಗಾಡದ ಕಾಂಕ್ರೀಟ್ ಕಂಬ ಕಟ್ಟಿ, ಅದರ ಮೇಲೆ ನಳಿಗೆ ಇಟ್ಟು ಹೊಡೆದರು. ದಾರಿಯುದ್ದಕ್ಕೂ ಕಾಗದದ ಪರದೆ ಕಟ್ಟಿ ಗುಂಡು ಎಲ್ಲಿ ವಾಲುತ್ತೆ ಅಂತ ಅಳೆದರು. 1909ರಲ್ಲಿ ಎಲ್ಲವನ್ನೂ ಪುಸ್ತಕ ಮಾಡಿದರು. ಸರ್ಕಾರದ ಹಣ ಇಲ್ಲ, ಕಂಪನಿ ಇಲ್ಲ, ತನಗೆ ತಿಳಿಬೇಕು ಅನ್ನೋ ಹಠ ಅಷ್ಟೇ. ನನಗೆ ಈ ಮನುಷ್ಯ ತುಂಬಾ ಇಷ್ಟ.

ಇಲ್ಲಿ ಅಮೆರಿಕ ಬಿಟ್ಟು ಒಂದು ಸಲ ಭಾರತಕ್ಕೆ ಬರಬೇಕು. ಯಾಕಂದ್ರೆ ಹಿತ್ತಾಳೆ ಕುತ್ತಿಗೆಯ ಸ್ವಭಾವ ಲೋಕಕ್ಕೆ ಗೊತ್ತಾಗಿದ್ದು ನಮ್ಮ ಮಳೆಗಾಲದಿಂದ. ಬ್ರಿಟಿಷ್ ಸೇನೆ ಮಳೆ ಬಂತು ಅಂದ್ರೆ ಓಡಾಟ ಕಡಿಮೆ ಮಾಡಿ, ಕಾಡತೂಸುಗಳನ್ನ ಕುದುರೆ ಲಾಯಗಳಲ್ಲಿ ಇಡ್ತಿತ್ತು. ಮಳೆ ನಿಂತ ಮೇಲೆ ತೆಗೆದು ನೋಡಿದ್ರೆ ಕೇಸ್‌ಗಳು ಬಿರುಕು ಬಿಟ್ಟಿರ್ತಿದ್ವು, ಅದೂ ಗುಂಡನ್ನು ಬಿಗಿಯಾಗಿ ಹಿಡಿದ ಕುತ್ತಿಗೆಯ ಹತ್ತಿರವೇ ಹೆಚ್ಚು. ಯಾರೂ ಹೊಡೆದಿಲ್ಲ, ಬೀಳಿಸಿಲ್ಲ, ಪೆಟ್ಟಿಗೆಯೊಳಗೆ ಕೂತಲ್ಲೇ ಸೀಳಿವೆ. ಮಳೆಗಾಲದಲ್ಲಿ ಹೀಗಾಗೋದರಿಂದ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಅಂತ ಹೆಸರು ಬಿತ್ತು. ಪೂರ್ತಿ ವಿವರಣೆ ಸಿಕ್ಕಿದ್ದು 1921ರಲ್ಲಿ, ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಅನ್ನೋ ಮೂವರಿಂದ. ಕಾರಣ ಎರಡು. ಒಂದು, ಕುದುರೆ ಮೂತ್ರದಿಂದ ಏಳೋ ಅಮೋನಿಯಾ. ಎರಡನೇದು ನಮಗೆ ಮುಖ್ಯ: ತಣ್ಣಗಿದ್ದಾಗಲೇ ಎಳೆದು, ಹಿಂಡಿ ಆಕಾರ ಕೊಟ್ಟ ಹಿತ್ತಾಳೆಯೊಳಗೆ ಉಳಿದುಹೋದ ಬಿಗಿತ. ಹೊರಗಿಂದ ನಯವಾಗಿ ಕಾಣೋ ಲೋಹ ಒಳಗೆ ಸೆಟೆದುಕೊಂಡೇ ಕೂತಿರುತ್ತೆ.

ಕಾಡತೂಸಿನ ಹಿತ್ತಾಳೆ ಅಂದ್ರೆ 70 ಪಾಲು ತಾಮ್ರ, 30 ಪಾಲು ಸತು. ಬಡಿದಷ್ಟೂ, ಬಾಗಿಸಿದಷ್ಟೂ ಗಟ್ಟಿಯಾಗುತ್ತೆ, ಆಮೇಲೆ ಸೀಳುತ್ತೆ. ಬಿಂದಿಗೆ ಬಡಿಯೋ ಕಂಚುಗಾರರು ನಡುನಡುವೆ ಪಾತ್ರೆಯನ್ನ ಕೆಂಡಕ್ಕೆ ಹಿಡಿಯೋದು ಇದಕ್ಕೇ, ಕಾಯಿಸಿದ್ರೆ ಲೋಹ ಮತ್ತೆ ಮೆತ್ತಗಾಗುತ್ತೆ. ಕಾರ್ಖಾನೆಗಳೂ ಕೇಸಿನ ಕುತ್ತಿಗೆಯನ್ನು ಕೊನೆಯಲ್ಲಿ ಹಾಗೇ ಕಾಯಿಸುತ್ತವೆ. ಸೇನೆಯ ಕಾಡತೂಸುಗಳ ಕುತ್ತಿಗೆ ಹತ್ತಿರ ನೀಲಿ-ಕಂದು ಛಾಯೆ ಕಾಣೋದು ಕೊಳೆ ಅಲ್ಲ, ಆ ಬೆಂಕಿಯ ಗುರುತು.

ಮತ್ತೆ ಅಮೆರಿಕ. ಎರಡನೇ ಮಹಾಯುದ್ಧದ ಹೊತ್ತಿಗೆ ಬೇಟೆಗಾರರಿಗೆ ಗುಂಡು ಸಿಗೋದೇ ಕಷ್ಟ ಆಯ್ತು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಅನ್ನೋರು ಬಿಸಾಡಿದ ಸಣ್ಣ .22 ಕೇಸ್‌ಗಳನ್ನೇ ಹೊದಿಕೆ ಮಾಡಿ ಗುಂಡು ಒತ್ತೋ ಡೈ ತಯಾರಿಸಿದ್ರು. ರಾಕ್ ಚಕ್ ಅನ್ನೋ ಹೆಗ್ಗಣದಂಥ ಪ್ರಾಣಿಯ ಬೇಟೆಗೆ ಆ ಗುಂಡು. ಹಾಗಾಗಿ ‘ರಾಕ್ ಚಕ್ ಬುಲೆಟ್ ಸ್ವೇಜ್’, ಚಿಕ್ಕದಾಗಿ ಆರ್‌ಸಿಬಿಎಸ್. 1943ರ ಕಂಪನಿ, ಈಗಲೂ ಇದೆ. (ಆರ್‌ಸಿಬಿ ಅಲ್ಲ, ಕೊನೇಲಿ ಇನ್ನೊಂದು ಎಸ್ ಇದೆ. ಕಪ್ ವಿಷಯ ಇಲ್ಲಿ ಬೇಡ.) ಕಂಪನಿಗಳೆಲ್ಲ ಬಹುಮಟ್ಟಿಗೆ ಒಂದೇ ಅಳತೆಯ ಮರೆಗೆ, ಅಂದ್ರೆ ಮುಕ್ಕಾಲು ಅಂಗುಲಕ್ಕಿಂತ ಒಂಚೂರು ದಪ್ಪನೆಯ, ಅಂಗುಲಕ್ಕೆ 14 ಸುತ್ತಿನ ಮರೆಗೆ ಹೊಂದಿಕೊಂಡವು. ಒಬ್ಬರ ಡೈ ಇನ್ನೊಬ್ಬರ ಪ್ರೆಸ್‌ಗೆ ಸಲೀಸಾಗಿ ಕೂರುತ್ತೆ. ಚಾರ್ಜರ್ ವಿಷಯದಲ್ಲಿ ಫೋನ್ ಕಂಪನಿಗಳು ನಮ್ಮನ್ನ ಎಷ್ಟು ವರ್ಷ ಸತಾಯಿಸಿದ್ವು ನೆನಪಿಸಿಕೊಳ್ಳಿ.

ಯುದ್ಧ ಮುಗಿದ ಮೇಲೆ ಬೆಂಚ್‌ರೆಸ್ಟ್ ಅನ್ನೋ ಹೊಸ ಆಟ ಹುಟ್ಟಿತು. ಗಟ್ಟಿ ಮೇಜು, ಮರಳು ಚೀಲದ ಮೇಲೆ ಬಂದೂಕು. ಐದು ಗುಂಡು ಹೊಡೆದು, ಅತಿ ದೂರದ ಎರಡು ತೂತುಗಳ ನಡುವಿನ ಅಂತರ ಅಳೆಯೋದು. ಕಡಿಮೆ ಇದ್ದವರು ಗೆದ್ದರು. 1951ರಲ್ಲಿ ಇದಕ್ಕೊಂದು ರಾಷ್ಟ್ರೀಯ ಸಂಘವೂ ಆಯ್ತು. ಅದರ ಹಿಂದಿನ ವರ್ಷ, ಅಂದ್ರೆ 1950ರಲ್ಲಿ, ರೆಮಿಂಗ್ಟನ್ ಕಂಪನಿಯ ಎಂಜಿನಿಯರ್ ಮೈಕ್ ವಾಕರ್ ರೂಪಿಸಿದ .222 ರೆಮಿಂಗ್ಟನ್ ಕಾಡತೂಸು ಬಂತು. ಅವರು ಸ್ವತಃ ಬೆಂಚ್‌ರೆಸ್ಟ್ ಆಟಗಾರರು. ಮುಂದಿನ ಇಪ್ಪತ್ತೈದು ವರ್ಷ ಈ ಆಟದಲ್ಲಿ ಅದರದ್ದೇ ದರ್ಬಾರು.

ಕುತ್ತಿಗೆ ಮಾತ್ರ ಹಿಂಡಬೇಕು ಅನ್ನೋ ನಂಬಿಕೆ ಬೇರು ಬಿಟ್ಟಿದ್ದು ಈ ಕಾಲದಲ್ಲಿ. ಅದರ ತರ್ಕ ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ. ಕಾರ್ಖಾನೆ ಕಾಡತೂಸು ಅಂದ್ರೆ ರೆಡಿಮೇಡ್ ಬಟ್ಟೆ. ಊರಿನ ಎಲ್ಲರ ಬಂದೂಕಿಗೂ ಹೋಗಬೇಕು, ಹಾಗಾಗಿ ಸ್ವಲ್ಪ ಚಿಕ್ಕದಾಗೇ ಮಾಡ್ತಾರೆ. ಆದ್ರೆ ಒಂದು ಸಲ ನಿಮ್ಮ ಬಂದೂಕಿನಲ್ಲಿ ಸಿಡಿದ ಕೇಸ್ ನಿಮ್ಮದೇ ಚೇಂಬರ್‌ನ ಆಕಾರ ಪಡೆದಿರುತ್ತೆ, ಅಳತೆ ಕೊಟ್ಟು ಹೊಲಿಸಿದ ಬ್ಲೌಸ್ ಇದ್ದಂಗೆ. ಅಂಥದ್ದನ್ನ ತಗೊಂಡು ಮೈಪೂರ್ತಿ ಹಿಂಡೋ ಡೈಗೆ ಹಾಕಿ ಮತ್ತೆ ರೆಡಿಮೇಡ್ ಮಾಡೋದ್ಯಾಕೆ? ಗುಂಡು ಹಿಡಿಯೋಕೆ ಬೇಕಾದ ಕುತ್ತಿಗೆ ಮಾತ್ರ ಹಿಂಡಿ, ಮೈ ಮುಟ್ಟಬೇಡಿ. ಹಿತ್ತಾಳೆಯೂ ಹೆಚ್ಚು ಬಾಳಿಕೆ ಬರುತ್ತೆ. ವಾಷಿಂಗ್ಟನ್ ರಾಜ್ಯದ ಕ್ಯಾಶ್‌ಮಿಯರ್ ಅನ್ನೋ ಸಣ್ಣ ಊರಿನ ಎಲ್.ಇ. ವಿಲ್ಸನ್ ಕಂಪನಿಯ ಕೈ ಡೈಗಳು ಬೆಂಚ್‌ರೆಸ್ಟ್‌ನವರ ಪೆಟ್ಟಿಗೆಯಲ್ಲಿ ಕಾಯಂ ಆದವು. ಇನ್ನೊಂದು ಕಡೆ, ರಿಚರ್ಡ್ ಲೀ ಅನ್ನೋರ ಲೀ ಲೋಡರ್ ಬಂತು. ಮೇಜಿಗೆ ಬಿಗಿಯೋ ಪ್ರೆಸ್ ಬೇಡ, ಸುತ್ತಿಗೆಯಿಂದ ಬಡಿದ್ರೆ ಸಾಕು, ರೈಫಲ್ ಕೇಸಿನ ಕುತ್ತಿಗೆ ಹಿಂಡಿಕೊಳ್ಳುತ್ತೆ. ಅದು ಕುತ್ತಿಗೆ ಮಾತ್ರ ಹಿಂಡ್ತಿದ್ದದ್ದು ಶಾಸ್ತ್ರಕ್ಕೆ ಅಂತ ನಾನು ಭಾವಿಸಲ್ಲ. ಮೈಪೂರ್ತಿ ಹಿಂಡೋಕೆ ಸುತ್ತಿಗೆ ಏಟಿಗಿಂತ ಹೆಚ್ಚಿನ ಬಲ ಬೇಕು, ಅಷ್ಟೇ.

ಈಗ ಡೈ ಆಯ್ಕೆಯ ವಿಷಯಕ್ಕೆ ಬರ್ತೀನಿ, ನನಗೆ ಅತಿ ಸ್ವಾರಸ್ಯ ಕಂಡದ್ದು ಇಲ್ಲೇ. ಹಳೇ ಮಾದರಿಯ ಡೈ ಮೊದಲು ಕುತ್ತಿಗೆಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಹಿಂಡಿಬಿಡುತ್ತೆ. ಕಾರಣ, ಒಂದೊಂದು ಕಂಪನಿಯ ಹಿತ್ತಾಳೆ ಒಂದೊಂದು ದಪ್ಪ, ತೆಳ್ಳಗಿನದ್ದಕ್ಕೂ ಅದೇ ಡೈ ಆಗಬೇಕು. ಆಮೇಲೆ ಕೇಸನ್ನು ಹೊರಗೆಳೆಯುವಾಗ ಒಳಗಿನ ಒಂದು ಉಕ್ಕಿನ ಗುಂಡು, ಎಕ್ಸ್‌ಪ್ಯಾಂಡರ್ ಬಾಲ್, ಕುತ್ತಿಗೆಯನ್ನು ಮತ್ತೆ ಅಗಲಿಸುತ್ತೆ. ಮೊದಲು ಉಬ್ಬಿದ್ದು, ಆಮೇಲೆ ಅತಿಯಾಗಿ ಹಿಂಡಿದ್ದು, ಮತ್ತೆ ಅಗಲಿಸಿದ್ದು: ಒಂದೇ ಸುತ್ತಿನಲ್ಲಿ ಹಿತ್ತಾಳೆಗೆ ಮೂರು ಸಲ ಹಿಂಸೆ. ಬೇಗ ಗಟ್ಟಿಯಾಗುತ್ತೆ, ಬೇಗ ಸೀಳುತ್ತೆ. ಅದಕ್ಕಿಂತ ಕೆಟ್ಟದ್ದು, ಆ ಬಾಲ್ ಕೆಲವೊಮ್ಮೆ ಕುತ್ತಿಗೆಯನ್ನು ಓರೆಯಾಗಿ ಎಳೆಯುತ್ತೆ. ಕುತ್ತಿಗೆ ಓರೆಯಾದ್ರೆ ಗುಂಡು ನಳಿಗೆಗೆ ಸೊಟ್ಟಗೆ ಹೊಗುತ್ತೆ.

ಇದಕ್ಕೆ ಲೀ ಕಂಪನಿ ಕೊಟ್ಟ ಉತ್ತರ ಕಾಲೆಟ್ ಡೈ. ಕುತ್ತಿಗೆಯೊಳಗೆ ಒಂದು ಉಕ್ಕಿನ ಕಡ್ಡಿ, ಹೊರಗಿನಿಂದ ಬೆರಳುಗಳ ಹಾಗೆ ಸೀಳಿದ ಕೊಳವೆ. ಕಡ್ಡಿಗೆ ತಾಗೋವರೆಗೆ ಬೆರಳುಗಳು ಒತ್ತುತ್ತವೆ, ಎಳೆಯೋದೇ ಇಲ್ಲ. ಅಗ್ಗದ ಡೈ, ಆದ್ರೆ ಕೆಲಸದಲ್ಲಿ ದುಬಾರಿಯವಕ್ಕೆ ಪೈಪೋಟಿ ಕೊಡುತ್ತೆ ಅಂತ ಬಳಸಿದವರು ಅನೇಕರು ಹೇಳ್ತಾರೆ. ಇನ್ನೊಂದು ಉತ್ತರ ಬುಶಿಂಗ್ ಡೈ. ವಿಲ್ಸನ್, ರೆಡ್ಡಿಂಗ್ ಮುಂತಾದವರು ಮಾಡೋದು. ಡೈ ಒಂದೇ, ಒಳಗೆ ಬದಲಿಸಬಹುದಾದ ಉಕ್ಕಿನ ಉಂಗುರ. ಒಂದು ಉಂಗುರಕ್ಕೂ ಮುಂದಿನದಕ್ಕೂ ಅಂಗುಲದ ಸಾವಿರದ ಒಂದು ಭಾಗ ವ್ಯತ್ಯಾಸ. ಗುಂಡು ಕೂರಿಸಿದ ಕಾಡತೂಸಿನ ಕುತ್ತಿಗೆ ಅಳೆದು, ಅದಕ್ಕಿಂತ ಅಂಥ ಒಂದೋ ಎರಡೋ ಭಾಗ ಚಿಕ್ಕದಾದ ಉಂಗುರ ಆರಿಸೋದು ರೂಢಿ. ನಮ್ಮ ತಲೆಕೂದಲಿಗಿಂತ ತೆಳುವಾದ ಲೆಕ್ಕ ಇದು.

ಆದ್ರೆ ಬುಶಿಂಗ್‌ಗೆ ತನ್ನದೇ ಷರತ್ತಿದೆ. ಅದು ಹೊರಗಿಂದ ಮಾತ್ರ ಒತ್ತೋದು. ಹಿತ್ತಾಳೆಯ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿದ್ರೆ ಆ ಏರುಪೇರೆಲ್ಲ ಒಳಮುಖಕ್ಕೆ ಹೋಗುತ್ತೆ, ಗುಂಡು ತಾಗೋ ಜಾಗಕ್ಕೆ. ಹಾಗಾಗಿ ಮೊದಲು ಕುತ್ತಿಗೆಯ ಹೊರಮೈಯನ್ನು ತೆಳುವಾಗಿ ಕೆತ್ತಿ ಸಮ ಮಾಡಬೇಕು. 1975ರಲ್ಲಿ ಲೂ ಪಾಮಿಸಾನೊ ಅನ್ನೋ ಶಸ್ತ್ರಚಿಕಿತ್ಸಕರೂ ಫೆರಿಸ್ ಪಿಂಡೆಲ್ ಅನ್ನೋ ಯಂತ್ರ ಕುಶಲಿಗರೂ ಸೇರಿ 6 ಪಿಪಿಸಿ ಕಾಡತೂಸು ಮಾಡಿದಾಗ ಈ ಕೆತ್ತನೆ ಆಟದ ಕಡ್ಡಾಯ ಭಾಗದಂತೆಯೇ ಆಯ್ತು. ಅವರು ಆರಿಸಿಕೊಂಡ ಮೂಲ ಕೇಸ್ .220 ರಷ್ಯನ್. ಎಕೆ-47 ಬಳಸೋ ಸೋವಿಯತ್ ಕಾಡತೂಸಿನ ವಂಶದ್ದು, ಒಳ್ಳೇ ಹಿತ್ತಾಳೆ ಬರ್ತಿದ್ದದ್ದು ಫಿನ್ಲೆಂಡಿನಿಂದ. ಶೀತಲ ಸಮರ ಜೋರಾಗಿದ್ದ ಕಾಲದಲ್ಲಿ ಅಮೆರಿಕದ ಅತಿ ನಿಖರ ಕಾಡತೂಸಿನ ಅಜ್ಜ ರಷ್ಯಾದವನು! .222 ದರ್ಬಾರು ಅಲ್ಲಿಗೆ ಮುಗೀತು.

ಇಷ್ಟೆಲ್ಲ ಕೆತ್ತಿ, ಅಳೆದು, ಉಂಗುರ ಆರಿಸೋ ಜನ ಕುತ್ತಿಗೆ-ಮಾತ್ರ ಸೂತ್ರವನ್ನು ಬಿಟ್ಟಿದ್ದು ಯಾಕೆ? ಹಿತ್ತಾಳೆಯ ಅದೇ ಹಳೇ ಸ್ವಭಾವದಿಂದ. ಮೈ ಹಿಂಡದೆ ಬಿಟ್ಟ ಕೇಸ್ ಪ್ರತಿ ಸಲ ಸಿಡಿದಾಗಲೂ ಒಂಚೂರು ದೊಡ್ಡದಾಗುತ್ತಾ ಹೋಗುತ್ತೆ. ಕೆಲವು ಸುತ್ತು ಕಳೆದ ಮೇಲೆ ಚೇಂಬರ್‌ಗೆ ಸಿಕ್ಕಿಕೊಳ್ಳೋಕೆ ಶುರು. ಬೋಲ್ಟ್ ಮುಚ್ಚೋಕೆ ಅಂಗೈ ಬಲ ಬೇಕು, ತೆಗೆಯೋಕೂ ಬೇಕು. ಬೆಂಚ್‌ರೆಸ್ಟ್‌ನಲ್ಲಿ ಐದು ಗುಂಡಿಗೆ ಏಳು ನಿಮಿಷ. ಗಾಳಿ ಒಂದು ಗಳಿಗೆ ಒಂದೇ ಥರ ನಿಂತಿದೆ, ಆಗಲೇ ಸರಸರ ಹೊಡೆದುಬಿಡಬೇಕು. ಅಷ್ಟರಲ್ಲಿ ಬೋಲ್ಟ್ ಜೊತೆ ಕುಸ್ತಿಗೆ ಬಿದ್ರೆ ಮರಳು ಚೀಲದ ಮೇಲಿನ ಬಂದೂಕೇ ಅಲುಗಾಡುತ್ತೆ. ಕೊನೆಗೆ ಕೇಸನ್ನು ಮೈಪೂರ್ತಿ ಹಿಂಡಲೇಬೇಕು. ಅಂದ್ರೆ ಒಂದನೇ ಸುತ್ತಿನ ಕೇಸ್ ಒಂದು ಅಳತೆ, ನಾಲ್ಕನೇದು ಇನ್ನೊಂದು, ಐದನೇದು ಮತ್ತೆ ಮೊದಲಿನದು.

ಬಿ.ಕಾಂ. ಓದಿದವರಿಗೆ ಇದು ಎಲ್ಲೋ ಕೇಳಿದಂಗಿದೆ ಅನ್ನಿಸಬಹುದು. ಅಕೌಂಟೆನ್ಸಿಯಲ್ಲಿ ಕನ್ಸಿಸ್ಟೆನ್ಸಿ ಅಂತ ಒಂದು ತತ್ವ ಇದೆ: ಸವಕಳಿ ಲೆಕ್ಕಕ್ಕೆ ಯಾವ ವಿಧಾನ ಹಿಡಿದ್ರೂ ವರ್ಷವರ್ಷವೂ ಅದನ್ನೇ ಹಿಡಿ, ಇಲ್ಲದಿದ್ರೆ ಹೋದ ವರ್ಷದ ಜೊತೆ ಹೋಲಿಸೋಕೇ ಆಗಲ್ಲ. ಬೆಂಚ್‌ರೆಸ್ಟ್‌ನವರು ಹೋಗಿ ತಲುಪಿದ್ದೂ ಅಲ್ಲಿಗೇ. ಪ್ರತಿ ಸಲವೂ ಮೈಪೂರ್ತಿ ಹಿಂಡು, ಆದ್ರೆ ಎಳ್ಳಷ್ಟೇ ಹಿಂಡು. ಭುಜವನ್ನು ಅಂಗುಲದ ಸಾವಿರದ ಒಂದೆರಡು ಭಾಗ ಹಿಂದಕ್ಕೆ ತಳ್ಳು, ಕುತ್ತಿಗೆಗೆ ಬುಶಿಂಗ್ ಇರಲಿ. ಹೀಗೆ ಎರಡನ್ನೂ ಒಟ್ಟಿಗೆ ಮಾಡೋ ಡೈಗಳೇ ಇವತ್ತು ಹೆಚ್ಚಿನ ಸ್ಪರ್ಧಿಗಳ ಆಯ್ಕೆ. ಕುತ್ತಿಗೆ-ಮಾತ್ರ ಡೈಗಳು ಈಗಲೂ ಮಾರಾಟ ಆಗ್ತವೆ, ಒಂದೇ ಬಂದೂಕಿಗೆ ಕಡಿಮೆ ಮದ್ದಿನ ಕಾಡತೂಸು ತುಂಬೋರಿಗೆ ಅದು ಸಾಕು ಕೂಡ.

ಹಾಗಾದ್ರೆ ಅಷ್ಟು ವರ್ಷ ಜಾಣರೇ ತುಂಬಿದ್ದ ಗುಂಪಿಗೆ ವ್ಯತ್ಯಾಸ ಕಾಣಲಿಲ್ವಾ? ನನ್ನ ಉತ್ತರ: ಐದು ಗುಂಡಿನಲ್ಲಿ ಅದು ಕಾಣೋದು ಕಷ್ಟ. ಒಂದು ಬಂದೂಕು, ಒಂದೇ ಥರದ ಕಾಡತೂಸು, ಐದು ಗುಂಡಿನ ಗುಂಪಿನ ಸರಾಸರಿ ಒಂದು ಅಂಗುಲ ಅಂತಿಟ್ಟುಕೊಳ್ಳಿ. ಏನೂ ಬದಲಿಸದೆ ಮತ್ತೆ ಮತ್ತೆ ಹೊಡೆದ್ರೂ ಒಮ್ಮೆ 0.6 ಬರುತ್ತೆ, ಒಮ್ಮೆ 1.4 ಬರುತ್ತೆ. ಬರೀ ಆಕಸ್ಮಿಕ. ಈಗ ಒಬ್ಬ ಹೊಸ ಡೈ ಕೊಂಡ, ಮೊದಲ ಗುಂಪು 0.6 ಬಂತು. ಅವನು ಸಾಯೋವರೆಗೆ ಆ ಡೈಯನ್ನು ಹೊಗಳ್ತಾನೆ. ಎರಡು ಪಂದ್ಯ ಚೆನ್ನಾಗಿ ಆಡಿದ ಹುಡುಗನನ್ನು ನಾವು ಮುಂದಿನ ಕೊಹ್ಲಿ ಅಂತ ಕೂಗಲ್ವಾ, ಹಾಗೆ. ಹಾರ್ನಡಿ ಅನ್ನೋ ಗುಂಡು ತಯಾರಕರು ಕೆಲವು ವರ್ಷಗಳ ಹಿಂದೆ ತಮ್ಮದೇ ಪಾಡ್‌ಕಾಸ್ಟ್‌ನಲ್ಲಿ ಇದನ್ನೇ ಹಿಡಿದು ಮಾತಾಡಿದ್ರು: ನೀವು ಹೊಡೀತಿರೋ ಗುಂಡುಗಳ ಸಂಖ್ಯೆ ತೀರಾ ಕಡಿಮೆ, ಅದರಿಂದ ಏನನ್ನೂ ತೀರ್ಮಾನಿಸೋಕೆ ಆಗಲ್ಲ ಅಂತ. ಕೇಳಿದ ಅನೇಕರಿಗೆ ಸಿಟ್ಟೇ ಬಂತು. ಬರದೇ ಇರುತ್ತಾ? ಜೇಬಿನಲ್ಲಿಟ್ಟುಕೊಂಡು ಓಡಾಡ್ತಿದ್ದ ಸಣ್ಣ ಗುಂಪಿನ ಟಾರ್ಗೆಟ್ ಕಾಗದ ಒಂದೇ ದಿನದಲ್ಲಿ ಬೆಲೆ ಕಳ್ಕೊಂಡ್ರೆ!

1973ರಲ್ಲಿ ಮ್ಯಾಕ್ ಮ್ಯಾಕ್‌ಮಿಲನ್ ಅನ್ನೋರು 100 ಗಜದಲ್ಲಿ ಐದು ಗುಂಡು ಹೊಡೆದ ಗುಂಪು 0.009 ಅಂಗುಲ. ಕಾಲು ಮಿಲಿಮೀಟರ್‌ಗಿಂತ ಕಡಿಮೆ. ಕಾಗದದಲ್ಲಿ ಕಾಣೋದು ಒಂದೇ ತೂತು. ಆ ದಾಖಲೆ 40 ವರ್ಷ ನಿಂತಿತು, 2013ರಲ್ಲಿ ಮೈಕ್ ಸ್ಟಿನೆಟ್ 0.0077 ಹೊಡೆದು ಮುರಿದರು. ಹೆಸರು ಉಳಿಯೋದು ಇಂಥ ಒಂದು ಗುಂಪಿಗೆ. ಆದ್ರೆ ಆಟದ ನಿಯಮ ಬರೆದವರು ಮೊದಲಿಂದಲೂ ಹುಷಾರಾಗಿದ್ರು. ಚಾಂಪಿಯನ್ ಯಾರು ಅಂತ ನಿರ್ಧಾರ ಆಗೋದು ಒಂದು ಗುಂಪಿನಿಂದಲ್ಲ, ಹಲವು ಗುಂಪುಗಳ ಸರಾಸರಿಯಿಂದ. ಇವತ್ತಿಗೂ ಆ ಸ್ಪರ್ಧೆಗಳಿಗೆ ಹೋಗೋರು ಪೆಟ್ಟಿಗೆ ತುಂಬ ಕಾಡತೂಸು ಒಯ್ಯಲ್ಲ. ಕೆತ್ತಿ ಸಮ ಮಾಡಿದ ಬೆರಳೆಣಿಕೆಯ ಕೇಸ್‌ಗಳು, ಒಂದು ಸಣ್ಣ ಪ್ರೆಸ್, ಒಂದು ಡೈ. ಒಂದು ಸರದಿ ಹೊಡೆದು ಬಂದು, ಮರದ ನೆರಳಲ್ಲಿ ಮೇಜು ಹಾಕಿ, ಇನ್ನೂ ಬೆಚ್ಚಗಿರೋ ಅದೇ ಹಿತ್ತಾಳೆಯನ್ನು ಮುಂದಿನ ಸರದಿಗೆ ಮತ್ತೆ ಹಿಂಡ್ತಾ ಕೂತಿರ್ತಾರೆ.